ಕೂತು ಕೇಳದ ಹಾಡು

ಹಾಡು ಕೇಳಿದರೆ ನಿಮಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಕೆಲವರು ಕಣ್ಣು ಮುಚ್ಚುತ್ತಾರೆ, ಕೆಲವರು ತೊಡೆ ತಟ್ಟುತ್ತಾರೆ, ನನ್ನ ಹೆಂಡತಿ ಶಾರದಾ ಅಡಿಗೆಮನೆಯಿಂದಲೇ ‘ಜರಾ ಸಣ್ಣ ಮಾಡ್ರಿ’ ಅನ್ನುತ್ತಾಳೆ. ನನಗೆ ಮಾತ್ರ ಒಂದು ಹಾಡಿದೆ. ಅದು ಕಿವಿಗೆ ಬಿತ್ತೆಂದರೆ ಎದೆ ಡವಡವ ಅನ್ನುತ್ತದೆ, ಬಾಯಿ ಒಣಗುತ್ತದೆ, ಕೈ ತನ್ನಷ್ಟಕ್ಕೆ ತಾನೇ ಕೊಡ ಹುಡುಕುತ್ತದೆ. ಇದನ್ನು ಡಾಕ್ಟರ ಹತ್ತಿರ ಹೇಳಿಕೊಳ್ಳಲು ಬರುವುದಿಲ್ಲ. ಹೇಳಿಕೊಂಡರೂ, ಆ ಡಾಕ್ಟರು ನಮ್ಮೂರು ಗುಂಜೋಟಿಯವರಾಗಿದ್ದರೆ ಅವರಿಗೂ ಇದೇ ತ್ರಾಸು ಇರುತ್ತದೆ.

ಈಚೆಗೆ ಒಂದು ಬೇಸಿಗೆಯಲ್ಲಿ ಅದೇ ಹಾಡು ಪುಣೆಯಿಂದ ಕೊರಿಯರಿನಲ್ಲಿ ಬಂದು ನಮ್ಮ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತಿತು. ಅಗಲವಾದ ಚಪ್ಪಟೆ ರಟ್ಟಿನ ಪೊಟ್ಟಣ. ಯಾವುದೋ ಚಹಾಪುಡಿ ಕಂಪನಿಯ ಕ್ಯಾಲೆಂಡರು ಇರಬೇಕೆಂದು ಬಿಚ್ಚಿದರೆ ಒಳಗೆ ಕರಿ ಪ್ಲೇಟು, ಹಳೇ ಕಾಲದಲ್ಲಿ ಮುಳ್ಳು ಇಟ್ಟು ಹಚ್ಚುತ್ತಿದ್ದರಲ್ಲ, ಆ ಹಾಡಿನ ಪ್ಲೇಟು. ಆದರೆ ಹೊಚ್ಚ ಹೊಸದು, ಮುಖ ಕಾಣುವಷ್ಟು ಹೊಳಪು. ನಾನು ಅದರಲ್ಲಿ ಮುಖ ನೋಡಿಕೊಂಡೆ, ಬಹಳ ಗಾಬರಿಯಾದ ಮುಖವೇ ಕಂಡಿತು. ಹೊದಿಕೆಯ ಮೇಲೆ ಬೀಸುಕಲ್ಲಿನ ಚಿತ್ರ. ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ‘ಸುಗಲಾಬಾಯಿ, ಗುಂಜೋಟಿ’ ಎಂದು ಬರೆದಿತ್ತು.

ಸುಗಲಾಬಾಯಿ ಅಂದರೆ ನಮ್ಮ ಕಾಕು, ನನ್ನ ಕಾಕಾನ, ಅಂದರೆ ಚಿಕ್ಕಪ್ಪನ ಹೆಂಡತಿ. ಆಳಂದ ಕಡೆಯ ಹುಡುಗಿ ಗಡಿ ದಾಟಿ ಮಹಾರಾಷ್ಟ್ರದ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಕಾಕಾ ತೀರಿಕೊಂಡು ವರ್ಷಗಳಾದವು. ಕಾಕು ಅಂಗಡಿಯ ಹಿಂದಿನ ನಮ್ಮ ಮನೆಯಲ್ಲೇ ನಮ್ಮೊಂದಿಗೇ ಇದ್ದಾಳೆ. ಹಗಲೆಲ್ಲ ಅಂಗಡಿಯ ಬಾಗಿಲಲ್ಲಿ ಕೂತು, ನಾನು ತೂಗುವ ಬೇಳೆಯಲ್ಲಿ ಹರಳು ಇವೆ ಎಂದು ಗಿರಾಕಿಗಳ ಎದುರಿಗೇ ಹೇಳುತ್ತಾಳೆ.

ಆಕೆ ಹಾಡು ಕಲಿತದ್ದು ಬೀಸುಕಲ್ಲಿನ ಮುಂದೆ. ಕಲ್ಲು ತಿರುಗಿದರೆ ಹಾಡು, ಕಲ್ಲು ನಿಂತರೆ ಮೌನ. ಒಮ್ಮೆ ಉಮರ್ಗಾದಲ್ಲಿ ನಮ್ಮ ಬೀಗರ ಮನೆಯಲ್ಲಿ ಬೀಸುತ್ತ ಹಾಡುತ್ತಿದ್ದಾಗ ಪುಣೆಯ ಹಾಡಿನ ಕಂಪನಿಯವರು ಯಾರೋ ಕೇಳಿ, ಪ್ಲೇಟು ಮಾಡೋಣ ಎಂದರಂತೆ. ಕಾಕಾ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಆಕೆಯನ್ನು ಪುಣೆಗೆ ಕರೆದೊಯ್ದ. ಅಲ್ಲಿ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂಡಿಸಿ ಹಾಡಿರಿ ಅಂದರೆ ಕಾಕುಗೆ ದನಿಯೇ ಹೊರಡಲಿಲ್ಲ. ‘ಕೈ ಖಾಲಿ ಇಟ್ಕೊಂಡು ಹೆಂಗ ಹಾಡ್ಲಿ? ಬೀಸೂ ಕಲ್ಲ ತರ್ರಿ’ ಅಂದಳು. ಕಡೆಗೆ ಆ ಕಟ್ಟಡದ ಕಾವಲುಗಾರನ ಮನೆಯಿಂದ ಕಲ್ಲು ಹೊತ್ತು ತಂದರು. ಕಾಳು ಹಾಕದೆ ಬರೀ ಕಲ್ಲು ತಿರುಗಿಸಬಾರದು ಎಂದು ಆಕೆ ಜೋಳವನ್ನೂ ಕೇಳಿದಳು. ಹೀಗೆ ಪ್ಲೇಟು ತಯಾರಾಗುವಾಗ ಒಂದಿಷ್ಟು ಹಿಟ್ಟೂ ತಯಾರಾಯಿತು, ಅದನ್ನು ಕಾವಲುಗಾರನ ಹೆಂಡತಿ ಸಂತೋಷದಿಂದ ಒಯ್ದಳು. ಪ್ಲೇಟಿನಲ್ಲಿ ಹಾಡಿನ ಕೆಳಗೆ ಉದ್ದಕ್ಕೂ ಆ ಕಲ್ಲಿನ ಘರಘರ ಇದೆ. ಈ ಘರಘರವನ್ನು ಜರಾ ನೆನಪಿಟ್ಟುಕೊಳ್ಳಿ.

ಪ್ಲೇಟು ಬಂದದ್ದೂ ಮಳೆ ಹೋದದ್ದೂ ಒಂದೇ ವರ್ಷ. ನಾನಾಗ ಮಗ್ಗಿ ಕಲಿಯುವ ವಯಸ್ಸಿನವನು. ಬಾವಿಗಳು ಬತ್ತಿ, ತುರೋರಿ ಕಡೆಯಿಂದ ಟ್ಯಾಂಕರು ಬರತೊಡಗಿತು. ಅದಕ್ಕೊಂದು ಹೊತ್ತು ಗೊತ್ತು ಇರಲಿಲ್ಲ. ಬಂದದ್ದು ಊರಿಗೆ ತಿಳಿಸುವುದು ಹೇಗೆ? ಸರಪಂಚರು ಮೊದಲು ಗುಡಿಯ ಗಂಟೆ ಬಾರಿಸಿ ನೋಡಿದರು. ಆರತಿಗೆ ಬಂದವರ ಕೈಯಲ್ಲಿ ಕೊಡ, ಟ್ಯಾಂಕರಿಗೆ ಬಂದವರ ಕೈಯಲ್ಲಿ ಊದಿನಕಡ್ಡಿ ಆಗಿ ಅದು ಕೆಟ್ಟಿತು. ಸಿನಿಮಾ ಹಾಡು ಹಚ್ಚಿದರೆ ಪಕ್ಕದೂರಿನ ಮದುವೆಯದೋ ನಮ್ಮ ನೀರಿನದೋ ತಿಳಿಯುತ್ತಿರಲಿಲ್ಲ. ಆಗ ಮೈಕ್ ಸೆಟ್ಟಿನ ಮಹಬೂಬ ಭಾಯಿ, ಕಾಕಾನ ಗೆಳೆಯ, ಕಾಕುವನ್ನು ಅತ್ತಿಗೆಯೆಂದು ವೈನಿ ಅನ್ನುವವನು, ‘ಸುಗಲಾ ವೈನೀದು ಪ್ಲೇಟ್ ಅದಲ್ಲ! ಅದು ಬ್ಯಾರೆ ಯಾವ ಊರಾಗೂ ಇಲ್ಲ’ ಅಂದ. ಅವನ ಮಾತು ಎಲ್ಲರಿಗೂ ಹಿಡಿಸಿತು.

ಮೊದಲ ಹಾಡು ಹೀಗೆ ಶುರುವಾಗುತ್ತದೆ: ‘ಹಾದಿಗೆ ಧೂಳ ಎದ್ದಾದ ನೋಡ ಗೆಳತಿ, ಯಾರೋ ಬರತಾರ.’ ತವರಿನಿಂದ ಅಣ್ಣ ಕರೆಯಲು ಬಂದನೇನೋ ಎಂದು ಬೀಸುತ್ತಲೇ ದಾರಿ ನೋಡುವ ಹೆಣ್ಣಿನ ಹಾಡು. ತುರೋರಿ ದಾರಿಯಲ್ಲಿ ಟ್ಯಾಂಕರಿನ ಧೂಳು ಕಂಡ ಕೂಡಲೇ ಮಹಬೂಬ ಭಾಯಿ ಪ್ಲೇಟು ಹಚ್ಚುತ್ತಿದ್ದ. ಬೇವಿನ ಮರಕ್ಕೆ ಕಟ್ಟಿದ ಭೋಂಗಾ, ಅಂದರೆ ತುತ್ತೂರಿಯಂಥ ದೊಡ್ಡ ಲೌಡ್‌ಸ್ಪೀಕರು, ಊರಿಗೆಲ್ಲ ಕೂಗಿ ಹೇಳುತ್ತಿತ್ತು. ಹಾಡಿನಲ್ಲೂ ಧೂಳು, ದಾರಿಯಲ್ಲೂ ಧೂಳು. ಆ ಬೀಸುಕಲ್ಲಿನ ಘರಘರವೋ, ಭೋಂಗಾದಲ್ಲಿ ಕೇಳಿದರೆ ಏರು ಹತ್ತುವ ಲಾರಿಯೇ.

ಅಬ್ಬಾ, ಆ ಓಟ! ಶಾಲೆಯಲ್ಲಿ ಹೇಳುತ್ತಿದ್ದ ಮಗ್ಗಿಯನ್ನು ಅಲ್ಲಿಗೇ ಬಿಟ್ಟು ಓಡುತ್ತಿದ್ದೆವು. ಗುರುಗಳು ಬೈಯುತ್ತಿರಲಿಲ್ಲ, ಅವರು ನಮಗಿಂತ ಮುಂದೆ ಇರುತ್ತಿದ್ದರು. ಏಳೇಳಲೆ ಆದ ಮೇಲೆ ನನಗೆ ಇವತ್ತಿಗೂ ಟ್ಯಾಂಕರಿನ ಹಿಂಭಾಗವೇ ಕಾಣುತ್ತದೆ. ಒಲೆಯ ಮೇಲಿನ ರೊಟ್ಟಿ ಸುಟ್ಟು ಕರಕಾಗುತ್ತಿತ್ತು. ಕ್ಷೌರಕ್ಕೆ ಕೂತವನು ಅರ್ಧ ಗಲ್ಲದಲ್ಲಿ ಸೋಪು ಹಚ್ಚಿಕೊಂಡೇ ಸಾಲಿನಲ್ಲಿ ನಿಂತದ್ದನ್ನು ನಾನು ಕಂಡಿದ್ದೇನೆ. ನನ್ನ ಪಾಲಿಗೆ ಬಂದದ್ದು ಒಂದು ತಗ್ಗು ಬಿದ್ದ ಹಿತ್ತಾಳೆ ಕೊಡ. ಅದು ಓಡುವಾಗ ಸೊಂಟಕ್ಕೆ ಬಡಿದು ಬಡಿದು ಅಲ್ಲೊಂದು ನೀಲಿ ಕಲೆ ಮೂಡಿ, ಬರಗಾಲದ ಮೂರು ಬೇಸಿಗೆಯೂ ಮಾಯಲಿಲ್ಲ. ತಡವಾದರೆ ನೀರಿಲ್ಲ, ನೀರಿಲ್ಲದೆ ಮನೆಗೆ ಹೋದರೆ ಅವ್ವನ ಮುಖ ನೋಡುವಂತಿರಲಿಲ್ಲ. ಹೀಗಾಗಿ ಹಾಡೆಂದರೆ ನನಗೆ ಸುಖವಲ್ಲ, ಹೆದರಿಕೆ.

ಹಾಡಿನ ಎರಡನೇ ನುಡಿ ಮುಗಿಯುವಷ್ಟರಲ್ಲಿ ಊರೆಲ್ಲ ಟ್ಯಾಂಕರಿನ ಸುತ್ತ ಕೂಡಿ ಬೈದಾಟ ಶುರುವಾಗಿರುತ್ತಿತ್ತು. ಮಹಬೂಬ ಭಾಯಿಯೂ ಮುಳ್ಳನ್ನು ಪ್ಲೇಟಿನ ಮೇಲೆ ಬಿಟ್ಟು ಕೊಡ ಹಿಡಿದು ಓಡುವವನೇ. ಹಾಡಿನ ಮುಂದಿನ ನುಡಿಗಳೆಲ್ಲ ಬೇವಿನ ಮರಕ್ಕೆ, ಕಾಗೆಗಳಿಗೆ. ಹಾಡಿದ ಕಾಕುವೂ ಓಡಲೇಬೇಕಿತ್ತಲ್ಲ, ಆಕೆಯೂ ತನ್ನ ಪ್ಲೇಟು ಪೂರಾ ಕೇಳಲಿಲ್ಲ. ಮನೆಯಲ್ಲಿ ಅದನ್ನು ಹಚ್ಚುವ ಮಶೀನು ಇರಲಿಲ್ಲ, ಇದ್ದ ಒಂದೇ ಪ್ಲೇಟನ್ನು ಊರ ಕೆಲಸಕ್ಕೆಂದು ಕಾಕಾ ಕೊಟ್ಟುಬಿಟ್ಟಿದ್ದ. ಬರ ಹೋಗುವ ಹೊತ್ತಿಗೆ ಅದು ಸವೆದು ಬರೀ ಕೆಮ್ಮುತ್ತಿತ್ತು. ಮಹಬೂಬ ಭಾಯಿ ಉದಗೀರಕ್ಕೆ ಹೋಗಿ ಹೊಸ ಮುಳ್ಳು ತಂದು ಹಾಕಿದರೂ ದನಿ ಏಳಲಿಲ್ಲ. ಅಂತೂ ಆ ದಾರಿಯಲ್ಲಿ ಬರುತ್ತಿದ್ದವರು ಯಾರು ಎಂಬುದು ಗುಂಜೋಟಿಗೆ ಗೊತ್ತಾಗಲೇ ಇಲ್ಲ. ಯಾರನ್ನು ಕೇಳಿದರೂ ‘ಯಾರು ಅಂದ್ರ? ಟ್ಯಾಂಕರ್’ ಅನ್ನುತ್ತಿದ್ದರು.

ಮಳೆ ತಿರುಗಿ ಬಂದ ಮೇಲೆ ನಮ್ಮ ಮನೆಯ ಹುಡುಗಿಯೊಬ್ಬಳ ಮದುವೆ ನಿಲಂಗಾದಲ್ಲಾಯಿತು. ಗುಂಜೋಟಿಯಿಂದ ಬಸ್ಸು ತುಂಬ ಜನ. ಊಟವಾಗಿ, ಮದುವೆಯ ಚಪ್ಪರದಲ್ಲಿ ಎಲ್ಲರೂ ತೂಕಡಿಸುವ ಹೊತ್ತು. ನಿಲಂಗಾದ ಹೆಣ್ಣುಮಕ್ಕಳು ‘ಪ್ಲೇಟಿನ್ಯಾಗ ಹಾಡೀರಂತಲ್ಲ, ನಮಗೂ ಹಾಡ್ರಿ’ ಎಂದು ಕಾಕುವನ್ನು ಹಿಡಿದರು. ಕಾಕು ನಾಚಿ, ಕೈಯಲ್ಲಿ ಕಲ್ಲು ಹಿಡಿದಂತೆ ತಿರುಗಿಸುತ್ತ ಆ ಮೊದಲ ಹಾಡನ್ನೇ ಎತ್ತಿದಳು. ಅಷ್ಟೇ. ನಮ್ಮ ಓಣಿಯ ಕಮಳಾಬಾಯಿ, ಕಂಬಕ್ಕೆ ಒರಗಿ ನಿದ್ದೆ ಹೋದವಳು, ಧಡಕ್ಕನೆ ಎದ್ದು ಮುಂದಿದ್ದ ತಂಬಿಗೆ ಹಿಡಿದು ‘ಬಂತಽ, ಟ್ಯಾಂಕರ ಬಂತು!’ ಎಂದು ಕೂಗಿದಳು. ಗುಂಜೋಟಿಯ ಮಂದಿ ಅಷ್ಟೂ ಎದ್ದು ನಿಂತರು. ನನ್ನ ಕೈಯಲ್ಲಿ ಒಂದು ಖಾಲಿ ಸಾರಿನ ಬಕೀಟು ಇತ್ತು, ಹೇಗೆ ಬಂತೋ ಶಿವನೇ ಬಲ್ಲ.

ನಿಲಂಗಾದವರು ಹೊಟ್ಟೆ ಹಿಡಿದು ನಕ್ಕರು. ಆದರೆ ವರನ ತಾಯಿ ನಗಲಿಲ್ಲ. ‘ಶುಭಕಾರ್ಯದಾಗ ಎಲ್ಲಾರ ಕೈಯಾಗ ಖಾಲಿ ಭಾಂಡಿ! ಇಂಥಾ ಹಾಡ ಯಾಕ ಹಾಡಸ್ತೀರಿ?’ ಎಂದಳು. ಕಾಕು ನಡುವೆಯೇ ನಿಲ್ಲಿಸಿದಳು. ಆ ಮಾತು ಊರೂರಿಗೆ ಹಬ್ಬಿತು. ತೊಟ್ಟಿಲಿಗೂ ಬಸುರಿಯ ಕುಬಸಕ್ಕೂ ಆಕೆಯನ್ನು ಊಟಕ್ಕೆ ಕರೆದರೇ ಹೊರತು ಹಾಡಲು ಕರೆಯಲಿಲ್ಲ. ಆಕೆ ಮನೆಯಲ್ಲಿ ಬೀಸುವಾಗಲೂ ಬಾಯಿ ಬಿಡಲಿಲ್ಲ. ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು, ಕಲ್ಲು ಹಿತ್ತಲಿಗೆ ಹೋಯಿತು. ನಾನು ದೊಡ್ಡವನಾದ ಮೇಲೆ ಎಷ್ಟೋ ಸಲ ಕೇಳಿದ್ದೇನೆ, ಆ ಹಾಡಿನ ಕಡೆಗೆ ಬಂದವರು ಯಾರು ಎಂದು. ‘ಅದು ನಿಂತು ಕೇಳೂ ಹಾಡಲ್ಲೋ. ನೀವ್ಯಾರೂ ಕೂತು ಕೇಳವರಲ್ಲ’ ಅಂದುಬಿಡುತ್ತಿದ್ದಳು.

ಹೀಗಿರುವಾಗ ಪುಣೆಯಿಂದ ಮಾಧುರಿ ಎಂಬಾಕೆಯ ಫೋನು ಬಂತು. ಮರೆತುಹೋದ ಪ್ಲೇಟುಗಳನ್ನು ಹುಡುಕಿ ಮತ್ತೆ ಹೊಸದಾಗಿ ಒತ್ತಿಸುವುದು ಆಕೆಯ ಕೆಲಸ. ಹಳೇ ಸಾಮಾನಿನ ಬಾಜಾರಿನಲ್ಲಿ ಕಾಕುವಿನ ಪ್ಲೇಟು ಸಿಕ್ಕಿತಂತೆ, ಒಂದು ಗೀರೂ ಇಲ್ಲದ್ದು. ಇಂಥ ದನಿ ಇಷ್ಟು ದಿನ ಎಲ್ಲಿತ್ತು ಎಂದು ಮರಾಠಿಯಲ್ಲಿ ಒಂದೇ ಸಮ ಹೇಳುತ್ತಿದ್ದಳು. ಬೇವಿನ ಮರದ ಮೇಲೆ ಇತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕಾಕು ಎಲ್ಲ ಕೇಳಿಸಿಕೊಂಡು ಎರಡು ಮಾತು ಹೇಳಿದಳು. ಹಳೆಯ ಹೊದಿಕೆಯ ಮೇಲೆ ಯಾರೋ ಪೇಟೆಯ ಚಿತ್ರಗಾರ ಸೊಂಟದ ಮೇಲೆ ಕೊಡ ಹೊತ್ತ ಹೆಂಗಸಿನ ಚಿತ್ರ ಬರೆದಿದ್ದ. ‘ಆ ಕೊಡಾ ತೆಗೀಬೇಕು. ನಾ ಬೀಸೂಕಿ, ಬೀಸೂ ಕಲ್ಲ ಹಾಕ್ರಿ.’ ಇದು ಮೊದಲನೆಯದು. ಎರಡನೆಯದು ಹೇಳುವಾಗ ಆಕೆ ನನ್ನ ಕಡೆ ನೋಡಿದಳು. ‘ನನ್ನ ಊರ ಮಂದಿ ಒಮ್ಮಿ ಕೂತು ಪೂರಾ ಕೇಳ್ಬೇಕು. ನನಗೂ ಕೇಳ್ಬೇಕಾಗ್ಯದ, ಈ ಕಿವಿ ಪೂರಾ ಹೋಗೂದರೊಳಗ.’

ಮೊದಲನೆಯದನ್ನು ಮಾಧುರಿ ಮಾಡಿದಳು, ಕೊರಿಯರಿನಲ್ಲಿ ಬಂದದ್ದು ಅದೇ ಪ್ಲೇಟು. ಎರಡನೆಯದು ನನ್ನ ಕೊರಳಿಗೆ ಬಿತ್ತು. ಬೀಳುವುದಾದರೂ ಯಾವಾಗ? ಮತ್ತೆ ಮಳೆ ಕೈಕೊಟ್ಟ ವರ್ಷ. ಈಗ ಟ್ಯಾಂಕರಿನ ಸುದ್ದಿ ಮೊಬೈಲಿಗೆ ಬರುತ್ತದೆ, ಸುದ್ದಿ ಬಂದರೂ ಟ್ಯಾಂಕರ್ ಬರುವುದಿಲ್ಲ. ನಮ್ಮ ಮನೆಯಲ್ಲಿ ಉಳಿದದ್ದು ಅಂಗಳದ ಮೂಲೆಯಲ್ಲಿದ್ದ ಮೊಣಕಾಲೆತ್ತರದ ಒಂದು ನೀಲಿ ಡ್ರಮ್ಮಿನ ನೀರು. ಅದರ ಮುಚ್ಚಳದ ಮೇಲೆ ನಾನು ಹಿತ್ತಲಿನಿಂದ ಬೀಸುಕಲ್ಲಿನ ಮೇಲಿನ ಕಲ್ಲನ್ನು ತಂದು ಹೇರಿದ್ದೆ, ಯಾರೂ ಸುಮ್ಮಸುಮ್ಮನೆ ತೆಗೆಯಬಾರದೆಂದು. ಕಾಕು ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

ಮಾಧುರಿ ಪ್ಲೇಟು ಹಚ್ಚುವ ಮಶೀನು ತರುವ ದಿನ ಗೊತ್ತಾದ ಮೇಲೆ ನನಗೆ ಊಟ ಸೇರಲಿಲ್ಲ. ಮಂದಿ ಬರದಿದ್ದರೆ ಏನು ಗತಿ? ಬಂದು, ಹಾಡು ಶುರುವಾದ ಕೂಡಲೇ ಎದ್ದುಬಿಟ್ಟರೆ? ಅದಕ್ಕಿಂತ ಮೊದಲು ನಾನೇ ಎದ್ದುಬಿಟ್ಟರೆ? ಬರುವ ಮಂದಿಗೆಲ್ಲ ನೀರು ಎಲ್ಲಿಂದ ತರುವುದು? ಶಾರದಾ ಬೇಸತ್ತು ‘ಎಷ್ಟ ಫಿಕರ ಮಾಡ್ತೀರ್ರಿ! ಅದು ಹಾಡು, ಬಾಂಬ್ ಅಲ್ಲ’ ಅಂದಳು. ಮನೆಮನೆಗೆ ಹೋಗಿ ಕರೆದೆ. ‘ಬರ್ತೀವ್ರಿ, ಆದ್ರ ಟ್ಯಾಂಕರ ಬಂದ್ರ ಹೆಂಗ?’ ಎಂಬುದೇ ಎಲ್ಲರ ಉತ್ತರ. ವಲಾಂಡಿಯ ಬೀಗರಂತೂ ‘ನಿಮ್ಮ ಊರಿಗಿ ಬರೂವಾಗ ನೀರ ನಾವೇ ತರಬೇಕೇನು?’ ಎಂದು ಫೋನಿನಲ್ಲಿ ನಕ್ಕರು.

ಆ ದಿನ ಮಾಧುರಿ ಸಣ್ಣ ಪೆಟ್ಟಿಗೆಯಂಥ ಮಶೀನು ತಂದಳು. ಅಂಗಳದಲ್ಲಿ ಜಮಖಾನೆ ಹಾಸಿದ್ದೆ. ಕಾಕು ಬೆಳಿಗ್ಗೆಯಿಂದಲೇ ಇಳಕಲ್ ಸೀರೆಯುಟ್ಟು, ಹಣೆತುಂಬ ವಿಭೂತಿ ಹಚ್ಚಿ ಕೂತಿದ್ದಳು. ಬಂದದ್ದು ಮಹಬೂಬ ಭಾಯಿ ಒಬ್ಬನೇ. ಈಗ ಅವನೂ ಕೋಲು ಹಿಡಿದೇ ನಡೆಯುವವನು. ‘ಎಲ್ಲಾರೂ ಬಾಗಿಲದಾಗ ಕೊಡಾ ಇಟ್ಕೊಂಡು ಕುಂತಾರ. ಇವತ್ತ ಟ್ಯಾಂಕರ ಪಾಳಿ ಅದಂತ’ ಎಂದು ಮೆಲ್ಲಗೆ ಹೇಳಿದ. ಖಾಲಿ ಜಮಖಾನೆಯನ್ನು ನೋಡಲು ನನಗೆ ಆಗಲಿಲ್ಲ. ಕಾಕು ‘ಇರಲಿ, ನಾವರೇ ಕೇಳೋಣು, ಹಚ್ರಿ’ ಅಂದಳು.

ಮಾಧುರಿ ಹಚ್ಚಿದಳು. ಕಾಕು ಬಾಗಿ ಪೆಟ್ಟಿಗೆಗೆ ಕಿವಿ ಇಟ್ಟಳು, ಇನ್ನೊಂದು ಕಿವಿ ಇಟ್ಟಳು. ‘ಏನೋ ಇರುವಿ ಹಾಡಿದಂಗ ಆಗ್ಲತ್ತದ’ ಎಂದು ಹಿಂದೆ ಸರಿದಳು. ಆಕೆಯ ಕಣ್ಣಲ್ಲಿ ನೀರಾಡಿತು. ಇಷ್ಟು ವರ್ಷ ಕಾದು, ಈಗ ಹಾಡು ಬಂದರೆ ಕಿವಿ ಇಲ್ಲ.

‘ವೈನಿ, ಜರಾ ತಡೀರಿ’ ಎಂದು ಮಹಬೂಬ ಭಾಯಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಮೊಮ್ಮಗನ ತಳ್ಳುಗಾಡಿಯ ಮೇಲೆ ತನ್ನ ಹಳೇ ಭೋಂಗಾ ಹೇರಿಸಿಕೊಂಡು ಬಂದ. ಅದನ್ನು ಕಂಪೌಂಡಿನ ಗೋಡೆಯ ಮೇಲೆ ಇಟ್ಟು ತಂತಿ ಜೋಡಿಸಿದ. ಬೇಡವೆಂದು ಹೇಳಬೇಕೆಂದುಕೊಂಡೆ, ಕಾಕುವಿನ ಮುಖ ನೋಡಿ ತಂತಿಯ ಇನ್ನೊಂದು ತುದಿ ಹಿಡಿದುಕೊಟ್ಟೆ. ಮುಳ್ಳು ಕೂತಿತು. ಮೊದಲು ಘರಘರ. ಆಮೇಲೆ ‘ಹಾದಿಗೆ ಧೂಳ ಎದ್ದಾದ ನೋಡ ಗೆಳತಿ...’ ಕಾಕು ಎದೆಯ ಮೇಲೆ ಕೈ ಇಟ್ಟುಕೊಂಡು ‘ಯವ್ವಾ, ನಾನೇ!’ ಅಂದಳು.

ಅಷ್ಟರಲ್ಲಿ ಓಣಿಯಲ್ಲಿ ಧಡಧಡ ಸಪ್ಪಳ. ಗೇಟು ತಳ್ಳಿ ಮಂದಿ ನುಗ್ಗಿದರು. ಕೊಡ, ಬಕೀಟು, ಕ್ಯಾನು, ಎಣ್ಣೆ ಡಬ್ಬಿ. ಕೂದಲು ನರೆತವರು ಮುಂದೆ, ಯಾಕೆ ಓಡುತ್ತಿದ್ದೇವೆಂದು ತಿಳಿಯದ ಸಣ್ಣ ವಯಸ್ಸಿನವರು ಹಿಂದೆ. ಎಲ್ಲರಿಗಿಂತ ಮುಂದೆ ಕಮಳಾಬಾಯಿ, ಮೊಣಕಾಲು ನೋವಿನ ಕಮಳಾಬಾಯಿ. ‘ಎಲ್ಲದ? ಟ್ಯಾಂಕರ ಎಲ್ಲದ?’ ಎಂದು ಏದುಸಿರು ಬಿಟ್ಟಳು.

‘ಟ್ಯಾಂಕರ್ ಬಂದಿಲ್ರಿ, ಹಾಡ ಅಷ್ಟೇ. ಮಾಫ್ ಮಾಡ್ರಿ’ ಎಂದು ನಾನು ಎಲ್ಲರಿಗೂ ಕೈ ಮುಗಿದೆ. ‘ಬರಗಾಲದಾಗ ಇದೆಂಥಾ ಚೇಷ್ಟಾ ಮಲ್ಲಿನಾಥರಾವ್?’ ಎಂದು ಯಾರೋ ರೇಗಿದರು. ಗೇಟಿನ ಹತ್ತಿರ ನಿಂತವರು ಆಗಲೇ ತಿರುಗಿದ್ದರು. ನಾನು ಮುಳ್ಳು ಎತ್ತಲು ಕೈ ಚಾಚಿದೆ. ಕಾಕು ನನ್ನ ಮುಂಗೈ ಹಿಡಿದಳು. ಆಕೆಯ ಹಿಡಿತ ಇನ್ನೂ ಬೀಸುವವಳ ಹಿಡಿತವೇ.

‘ಯಾಕ ಹೊಂಟ್ರಿ?’ ಎಂದು ಆಕೆ ಮಂದಿಯನ್ನು ಕೇಳಿದಳು. ‘ಆವಾಗೆಲ್ಲ ನಾ ಹಾಡಿದ್ರ ಟ್ಯಾಂಕರಿಗಿ ಓಡಿ ಹೋದ್ರಿ. ನಾನೂ ಓಡಿದೆ, ತಪ್ಪಿಲ್ಲ. ಇವತ್ತ ಟ್ಯಾಂಕರ ಇಲ್ಲಲ್ಲ, ಎಲ್ಲಿಗಿ ಹೋಗ್ತೀರಿ? ಬಕೀಟ ಬೋರಲ ಹಾಕ್ರಿ, ಕೂಡ್ರಿ.’

ಯಾರೂ ಅಲುಗಲಿಲ್ಲ. ಕಮಳಾಬಾಯಿ ಒಮ್ಮೆ ಗೇಟು ನೋಡಿದಳು, ಒಮ್ಮೆ ಕಾಕುವನ್ನು ನೋಡಿದಳು. ಆಮೇಲೆ ಬಕೀಟನ್ನು ನೆಲಕ್ಕೆ ಬೋರಲು ಹಾಕಿ, ‘ಶಿವಾ’ ಎಂದು ಅದರ ಮೇಲೆ ಕೂತಳು. ಆಕೆಯ ಹಿಂದೆ ಒಬ್ಬೊಬ್ಬರೇ ಕೂತರು. ಕ್ಯಾನಿನ ಮೇಲೆ, ಡಬ್ಬಿಯ ಮೇಲೆ. ಕೊಡ ತಂದವರು ಕೊಡ ಬದಿಗಿಟ್ಟು ಜಮಖಾನೆಯ ಮೇಲೆ. ‘ಮಹಬೂಬ ಭಾಯಿ, ಮೊದಲಿಂದ ಹಚ್ರಿ’ ಅಂದಳು ಕಾಕು.

ಎರಡನೇ ನುಡಿಯವರೆಗೆ ಎಲ್ಲರಿಗೂ ಗೊತ್ತಿದ್ದ ಹಾದಿ. ಕೆಲವರ ಕಾಲುಗಳು ಕೂತಲ್ಲೇ ಮಿಡುಕುತ್ತಿದ್ದವು. ನಾನಂತೂ ಕೂತಿರಲೇ ಇಲ್ಲ, ಡ್ರಮ್ಮಿನ ಪಕ್ಕದಲ್ಲಿ ಕಲ್ಲಿನ ಮೇಲೆ ಕೈ ಊರಿ ನಿಂತಿದ್ದೆ. ಮೂರನೆಯ ನುಡಿಯಲ್ಲಿ ಆ ಹೆಣ್ಣು ಅಂಗಳ ಗುಡಿಸುತ್ತಾಳೆ, ಅಣ್ಣನಿಗೆಂದು ಮಣೆ ಹಾಕುತ್ತಾಳೆ. ನಾವು ಯಾರೂ ಕೇಳದ ನುಡಿ ಅದು. ಕಾಕುವಿನ ಎಳೆಯ ದನಿ ಒಂದಿಷ್ಟೂ ಅವಸರವಿಲ್ಲದೆ, ಕಲ್ಲಿನ ಸುತ್ತಿಗೆ ಸುತ್ತು ಹಾಕುತ್ತ ಬಂತು. ಕಡೆಯ ನುಡಿ ಹೀಗಿತ್ತು: ‘ಬಂದಂವ ಅಣ್ಣಲ್ಲ, ಯಾರೋ ಹಾದಿಕಾರ. ಇರಲೇಳ ಗೆಳತಿ, ಇದ್ದಷ್ಟು ನೀರ ನೀಡ.’

ಕಮಳಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಯವ್ವಾ ಸುಗಲಾ, ಇಂಥಾ ಮಾತ ಇತ್ತಾ ಇದರಾಗ? ನಾವ್ ಅಲ್ಲಿ ಒಬ್ಬರ ಕೂದಲ ಒಬ್ಬರು ಹಿಡಿದು ಜಗಳಾಡ್ಲತ್ತಿದ್ದಾಗ ಈ ಭೋಂಗಾ ಇದೇ ಹೇಳ್ಲತ್ತಿತ್ತಾ?’

‘ದಿನಾ ಹೇಳ್ಲತ್ತಿತ್ತು’ ಅಂದಳು ಕಾಕು.

ಪ್ಲೇಟು ತನ್ನ ಪಾಡಿಗೆ ತಾನು ಮುಂದಿನ ಹಾಡಿಗೆ ಹೋಯಿತು. ಕಾಕು ನನ್ನ ಕಡೆ ತಿರುಗಿದಳು. ‘ಮಲ್ಯಾ, ಆ ಕಲ್ಲ ತೆಗಿ. ಮಂದಿಗಿ ನೀರ ನೀಡು.’

ಅಂಗಳದ ತುಂಬ ಮಂದಿ, ನೀರು ಒಂದು ಡ್ರಮ್ಮು. ನಾಳೆ ಟ್ಯಾಂಕರ್ ಬರುತ್ತದೋ ಇಲ್ಲವೋ. ಬೆಳಿಗ್ಗೆ ಚಹಕ್ಕೆ ಏನು, ಅನ್ನಕ್ಕೆ ಏನು, ಪುಣೆಯಿಂದ ಬಂದ ಹೆಣ್ಣುಮಗಳಿಗೆ ಏನು? ಇಷ್ಟೆಲ್ಲ ನನ್ನ ತಲೆಯಲ್ಲಿ ಓಡುತ್ತಿರುವಾಗ ಶಾರದಾ ತಂಬಿಗೆ ತಂದು ನನ್ನ ಮುಂದೆ ಹಿಡಿದಳು. ಕಲ್ಲು ಎತ್ತಿದೆ, ಭಾರವಿತ್ತು. ಒಬ್ಬೊಬ್ಬರೂ ಗಂಟಲು ತೊಯ್ಯುವಷ್ಟೇ ಕುಡಿದು, ತಂಬಿಗೆಯನ್ನು ಪಕ್ಕದವರಿಗೆ ದಾಟಿಸಿದರು. ಕಮಳಾಬಾಯಿ ತನ್ನ ಪಾಲಿನಲ್ಲಿ ಅರ್ಧವನ್ನು ಮಹಬೂಬ ಭಾಯಿಗೆ ಬಿಟ್ಟಳು. ಕಡೆಗೆ ತಂಬಿಗೆ ಡ್ರಮ್ಮಿನ ತಳಕ್ಕೆ ಕೆರೆದ ಸದ್ದು ನನ್ನ ಹಲ್ಲಿಗೆ ತಾಗಿತು. ಆ ಹೊತ್ತಿಗೆ ಪ್ಲೇಟಿನ ಒಂದು ಮಗ್ಗಲೂ ಮುಗಿದಿತ್ತು.

ಮಹಬೂಬ ಭಾಯಿ ಮುಳ್ಳು ಎತ್ತಿ ಹಿಡಿದು ಕೇಳಿದ. ‘ವೈನಿ, ಇನ್ನೊಂದ ಬಾಜೂ ಅದ. ಹಚ್ಚಲೇನು?’

ಕಾಕು ಮಂದಿಯ ಕಡೆ ನೋಡಿದಳು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಯಾರೂ ಏಳಲಿಲ್ಲ. ನಾನು ಖಾಲಿ ಡ್ರಮ್ಮನ್ನು ಬೋರಲು ಹಾಕಿ, ಅದರ ಮೇಲೆ ಕೂತೆ.